ಸುಂಕಪ್ಪನ ಎಡಗೈ

ಊರ ಬಾವಿಯ ಮೆಟ್ಟಿಲಿಳಿದು ನೀರು ಮುಟ್ಟಿದನೆಂದು ಸುಂಕಪ್ಪನ ಎಡಗೈಯನ್ನು ಬಾವಿಕಟ್ಟೆಯ ಮೇಲೆ ಇಡಿಸಿ ಗುಂಡುಕಲ್ಲಿನಿಂದ ಜಜ್ಜಿದರು. ಇಡಿಸಿದವರು ಹಾಲಸ್ವಾಮಿ ಸಾವುಕಾರರು. ಕಲ್ಲು ಎತ್ತಿದವನು ಅವರ ಮನೆಯ ಆಳು. ಸುಂಕಪ್ಪನ ಮಗಳು ಪಕ್ಕೀರಮ್ಮ, ಇನ್ನೂ ಹುಡುಗಿ, ಖಾಲಿ ಕೊಡ ಹಿಡಿದು ಅಲ್ಲೇ ನಿಂತಿದ್ದಳು. ಪೊಲೀಸರಿಗೆ ಯಾರೂ ಹೇಳಲಿಲ್ಲ. ಚಿಗಟೇರಿಯಿಂದ ಒಳದಾರಿ ಹಿಡಿದರೆ ಆ ಊರು ಸಿಗುತ್ತದೆ. ಬಾವಿ ಈಗಲೂ ಇದೆ, ನೀರಿಲ್ಲ.

ಐವತ್ತು ವರ್ಷ ದಾಟಿದ ಮೇಲೆ ಸುಂಕಪ್ಪನ ಮರಿಮೊಮ್ಮಗಳು ಸಂಘಮಿತ್ರಾ ಕೊಟ್ಟೂರಿನ ವಾಣಿಶ್ರೀ ಡಿಜಿಟಲ್ ಸ್ಟುಡಿಯೋದಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಹೊಸ ಫೋಟೊಗಳಿಗೆ ಮುಪ್ಪು ಬರಿಸುತ್ತಿದ್ದಳು. ಮಾಲೀಕ ಗುರುಶಾಂತ ಈ ಕೆಲಸಕ್ಕೆ ‘ಓಲ್ಡ್ ಲುಕ್’ ಎಂದು ಬಾಗಿಲ ಮೇಲೆ ಬೋರ್ಡು ಬರೆಸಿದ್ದ. ಗಿರಾಕಿಗಳು ‘ಹಳೇದು ಮಾಡ್ಸೋದು’ ಎನ್ನುತ್ತಿದ್ದರು. ಮೊದಮೊದಲು ಬಂದವರು ಮದುವೆ ಗೊತ್ತಾದ ಜೋಡಿಗಳು. ಉಚ್ಚಂಗಿದುರ್ಗದ ಕೋಟೆ ಗೋಡೆಗೆ ಒರಗಿ ನಿಂತು ತೆಗೆಸಿಕೊಂಡ ಫೋಟೊ ತಮ್ಮ ಅಜ್ಜ ಅಜ್ಜಿಯರ ಕಾಲದ್ದಾಗಿ ಕಾಣಬೇಕು ಎನ್ನುತ್ತಿದ್ದರು. ಆಮೇಲೆ ಹೊಸ ಮನೆ ಕಟ್ಟಿಸಿದವರು ಬರತೊಡಗಿದರು. ಇವರ ಕಷ್ಟ ಬೇರೆ. ನಡುಮನೆಯ ಗೋಡೆ ದೊಡ್ಡದು, ಅದಕ್ಕೆ ತೂಗುಹಾಕಲು ಹಿರಿಯರ ಫೋಟೊ ಇಲ್ಲ. ಹೂವಿನಹಡಗಲಿಯ ಗೊಬ್ಬರದಂಗಡಿಯವನೊಬ್ಬನಿಗೆ ಅವನ ಮುಖಕ್ಕೇ ರುಮಾಲು ಸುತ್ತಿ, ಮೀಸೆ ಇಳಿಬಿಟ್ಟು, ಕೆನ್ನೆ ಒಳಗೊತ್ತಿ ಸಂಘಮಿತ್ರಾ ಮುತ್ತಜ್ಜನನ್ನು ಮಾಡಿಕೊಟ್ಟಿದ್ದಳು. ಅವನ ತಾಯಿ ಅದಕ್ಕೆ ಹೂವೇರಿಸಿ, ‘ಥೇಟ್ ನಮ್ಮ ಮಾವನ ಅಪ್ಪ’ ಎಂದು ಕಣ್ಣೊರೆಸಿಕೊಂಡಳಂತೆ. ಆ ಮಾವನ ಅಪ್ಪ ಆಕೆ ಸೊಸೆಯಾಗಿ ಬರುವ ಮೊದಲೇ ತೀರಿಕೊಂಡಿದ್ದ.

ಈ ಕೆಲಸಕ್ಕೊಂದು ಕ್ರಮವಿದೆ. ಬಣ್ಣವನ್ನು ಪೂರ್ತಿ ತೆಗೆಯಬಾರದು. ತೆಗೆದರೆ ಫೋಟೊ ಹಳೆಯದಾಗುವುದಿಲ್ಲ, ಸತ್ತಂತಾಗುತ್ತದೆ. ಕಪ್ಪಿನೊಳಗೆ ಸ್ವಲ್ಪ ಕೆಂಪು ಉಳಿಸಬೇಕು, ಬಿಳುಪಿಗೆ ಗೋಧಿಹಿಟ್ಟಿನ ಬಣ್ಣ ಬರಬೇಕು. ಅದರ ಮೇಲೆ ಒಂದೊಂದೇ ಪದರ. ಟ್ರಂಕಿನ ಮುಚ್ಚಳದ ತುಕ್ಕು, ಪಾದರಸ ಉದುರಿದ ಕನ್ನಡಿ, ಕ್ಯಾಲೆಂಡರು ತೂಗಾಡಿ ಸವೆದ ಸುಣ್ಣದ ಗೋಡೆ, ಚಹದ ಲೋಟ ಇಟ್ಟಲ್ಲಿ ಬಿದ್ದ ಉಂಗುರ, ಎಲ್ಲವನ್ನೂ ಆಕೆ ತನ್ನ ಮನೆಯಲ್ಲೇ ಫೋಟೊ ತೆಗೆದು ಒಂದು ಫೋಲ್ಡರಿನಲ್ಲಿ ಕೂಡಿಟ್ಟಿದ್ದಳು. ಜೇಬಿನಲ್ಲಿ ತಿರುಗಿದ ಫೋಟೊ ನಡುವೆ ಮಡಿಕೆ ಬೀಳುತ್ತದೆ, ಪೆಟ್ಟಿಗೆಯಲ್ಲಿ ಮಲಗಿದ್ದು ಮೂಲೆ ಮುರಿದುಕೊಳ್ಳುತ್ತದೆ. ಒಬ್ಬರ ತಲೆ ಇನ್ನೊಬ್ಬರ ಮೈಗೆ ಸೇರಿಸಿದಾಗ ಕತ್ತಿನ ಹತ್ತಿರ ಹೊಲಿಗೆ ಕಂಡರೆ, ಅಲ್ಲೊಂದು ಕಲೆ ಹಾಕಿದರಾಯಿತು. ನೋಡುವವರು ಕಲೆಯನ್ನು ಕಾಲದ ಲೆಕ್ಕಕ್ಕೆ ಹಾಕುತ್ತಾರೆ.

“ಇದು ಸುಳ್ಳಲ್ಲೇನವ್ವಾ?” ಎಂದು ಕೂಡ್ಲಿಗಿಯಲ್ಲಿ ಸರ್ಕಾರಿ ನೌಕರಿಯಲ್ಲಿದ್ದ ಅಪ್ಪ ಭೀಮರಾಜ ಒಮ್ಮೆ ಕೇಳಿದ್ದ.

“ನಿಮ್ಮ ಆಫೀಸಿನ್ಯಾಗ ಯಾರೂ ಹಿಂದಿನ ತಾರೀಖು ಹಾಕಂಗಿಲ್ಲೇನಪ್ಪಾ?” ಎಂದಿದ್ದಳು ಮಗಳು.

ಪ್ರವೀಣಕುಮಾರ್ ಸ್ಟುಡಿಯೋಕ್ಕೆ ಬಂದದ್ದು ಒಂದು ಮಧ್ಯಾಹ್ನ. ಹರಪನಹಳ್ಳಿಯಲ್ಲಿ ಬೋರ್‌ವೆಲ್ ಮೋಟಾರಿನ ದೊಡ್ಡ ಅಂಗಡಿ ಇಟ್ಟವನು, ಮಾತು ಮೆತ್ತಗೆ, ಅಂಗಿ ಬಿಳಿ. ತನ್ನೂರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಕಟ್ಟಿಸುತ್ತಿದ್ದ. ನಾಣ್ಯ ಹಾಕಿದರೆ ಕ್ಯಾನು ತುಂಬುವಂಥದ್ದು. ಅದಕ್ಕೆ ತಾತನ ಹೆಸರು. ಘಟಕದ ಮುಂಗೋಡೆಗೆ ಆಳೆತ್ತರದ ಒಂದು ಹಳೆಯ ಫೋಟೊ ಬೇಕಿತ್ತು.

“ನಮ್ಮ ತಾತಾರು ಹಾಲಸ್ವಾಮಿ ಸಾವುಕಾರ್ರು ಅಂತ,” ಎಂದ. “ಆಗಿನ ಕಾಲಕ್ಕೇ ಕೇರಿಯೋರಿಗೆಲ್ಲ ಕೈಯಾರೆ ನೀರು ಕೊಟ್ಟೋರು. ನೀರು ಕೊಡೋವಾಗಿನ ಒಂದು ಫೋಟೊ ತೆಗ್ಸಿಟ್ಟಿಲ್ಲ ನೋಡು. ಅದೊಂದು ತಪ್ಪು ಮಾಡ್ಯಾರೆ.”

“ಆಗಿನ ದೊಡ್ಡೋರು ಪ್ರಚಾರಕ್ಕ ಮಾಡ್ತಿರಲಿಲ್ಲ ಬಿಡ್ರಿ,” ಎಂದ ಗುರುಶಾಂತ, ಕುರ್ಚಿಯ ಧೂಳು ಹೊಡೆಯುತ್ತ.

ಸಂಘಮಿತ್ರಾ ಸ್ಕ್ರೀನಿನಿಂದ ಕಣ್ಣು ತೆಗೆಯದೆ, “ಯಾವೂರ್ರಿ?” ಎಂದಳು. ಪ್ರವೀಣಕುಮಾರ್ ಊರಿನ ಹೆಸರು ಹೇಳಿದ. ಸುಂಕಪ್ಪನ ಊರೇ. ಆ ಊರಿಗೆ ಆಕೆ ಹೋದದ್ದು ಕಡಿಮೆ. ಅಪ್ಪನಿಗೆ ನೌಕರಿಯಾದ ಮೇಲೆ ಮನೆ ಕೊಟ್ಟೂರಿಗೆ ಬಂದಿತ್ತು, ಆಕೆ ಹುಟ್ಟಿದ್ದು ಇಲ್ಲಿ. ಸಾವುಕಾರರ ಹೆಸರನ್ನು ಮಾತ್ರ ಅಜ್ಜಿಯ ಬಾಯಲ್ಲಿ ಸಣ್ಣವಳಿದ್ದಾಗಿನಿಂದ ಕೇಳುತ್ತ ಬಂದಿದ್ದಳು. ಅಜ್ಜಿ ಆ ಹೆಸರಿಗೆ ‘ರು’ ಹಚ್ಚುತ್ತಿರಲಿಲ್ಲ.

ಪ್ರವೀಣಕುಮಾರ್ ಸಿದ್ಧವಾಗಿಯೇ ಬಂದಿದ್ದ. ತನ್ನ ತೋಟದ ತೊಟ್ಟಿಯ ಹತ್ತಿರ ತಾನೇ ರುಮಾಲು ಸುತ್ತಿ, ಕರಿ ಕೋಟು ತೊಟ್ಟು, ತಾಮ್ರದ ತಂಬಿಗೆ ಹಿಡಿದು ನಿಂತು ಫೋಟೊ ತೆಗೆಸಿಕೊಂಡಿದ್ದ. ಎದುರಿಗೆ ತೋಟದ ಆಳು ಅಂಜಿನೇಯಲು, ಬರಿಮೈ, ಮಂಡಿಯೂರಿ ಬೊಗಸೆಯೊಡ್ಡಿದ್ದ. ಸಾವುಕಾರರ ನಿಜವಾದ ಪಟವೊಂದರ ಪ್ರತಿಯೂ ಪ್ರವೀಣಕುಮಾರನ ಫೋನಿನಲ್ಲಿತ್ತು. ಅದರ ಮುಖವನ್ನು ತನ್ನ ಮುಖದ ಮೇಲೆ ಕೂರಿಸಿ, ತೊಟ್ಟಿಯ ಜಾಗಕ್ಕೆ ಊರ ಬಾವಿ ತಂದು, ಎಲ್ಲವನ್ನೂ ಹಳೆಯದು ಮಾಡಬೇಕು.

ಅವನು ಹೋದ ಮೇಲೆ ಸಂಘಮಿತ್ರಾ ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು. ತಂಬಿಗೆಗೂ ಬೊಗಸೆಗೂ ನಡುವೆ ಒಂದು ಮೊಳ ಅಂತರವಿತ್ತು. ನೀರು ಅಷ್ಟು ಮೇಲಿನಿಂದ ಬೀಳುತ್ತಿತ್ತು. ಅಂಜಿನೇಯಲು ಮೊಣಕೈ ಹೊರಚಾಚಿ, ಹನಿ ಸಹ ತಂಬಿಗೆಯ ಕಡೆ ಸಿಡಿಯದಂತೆ ಬೊಗಸೆಯನ್ನು ಕೆಳಗಿಳಿಸಿ ಬಾಯಿ ಹಚ್ಚಿದ್ದ. ಫೋಟೊ ತೆಗೆದವನು ಇವರಿಬ್ಬರಿಗೆ ಹೇಳಿಕೊಟ್ಟಂತೆ ಕಾಣಲಿಲ್ಲ. ಹೇಳಿಕೊಡುವ ಅಗತ್ಯವೂ ಬಿದ್ದಿರಲಿಕ್ಕಿಲ್ಲ. ಒಬ್ಬನ ಕೈಗೆ ಎಷ್ಟು ಎತ್ತರದಲ್ಲಿ ನಿಲ್ಲಬೇಕೆಂದು ಗೊತ್ತಿತ್ತು, ಇನ್ನೊಬ್ಬನ ಕೈಗೆ ಎಷ್ಟು ತಗ್ಗಬೇಕೆಂದು.

ಆಕೆ ಸಾವುಕಾರರ ಮುಖ ಕೂರಿಸಿ, ಬಾವಿ ತಂದು, ಒಂದು ಕರಡು ಕಳಿಸಿದಳು. ಎರಡು ದಿನ ಬಿಟ್ಟು ಪ್ರವೀಣಕುಮಾರ್ ಮತ್ತೆ ಬಂದ. ಈ ಸಲ ಕುಳಿತುಕೊಳ್ಳಲಿಲ್ಲ.

“ನಮ್ಮ ಮನೆಯಾಕಿ ಅರ್ಚನಾ ಕಾಲೇಜಿನಾಗೆ ಪಾಠ ಮಾಡ್ತಾಳೆ,” ಎಂದ. “ಇದನ್ನ ನೋಡಿ ನಕ್ಕುಬಿಟ್ಲು. ಇದನ್ನ ಗೋಡೆಗೆ ಹಾಕಿದ್ರೆ ನೀವೇ ನಿಮ್ಮ ಮ್ಯಾಲೆ ಕೇಸು ಬರ್ಕೊಟ್ಟಂಗೆ ಅಂದ್ಲು. ತಂಬಿಗೆ ಅಷ್ಟು ಮ್ಯಾಲೆ ಯಾಕೈತೆ ಅಂತ. ನಂಗೇನೂ ತಿಳೀಲಿಲ್ಲ. ನೀರು ಹಾಕೋದು ಹಂಗೇ ಅಲ್ವೇನಪ್ಪಾ ಗುರುಶಾಂತ?”

ಗುರುಶಾಂತ ಕ್ಯಾಮೆರಾದ ಚೀಲದ ಜಿಪ್ಪು ಎಳೆದು ನೋಡಿದ. “ಹಂಗೂ ಹಾಕ್ತಾರ, ಹಿಂಗೂ ಹಾಕ್ತಾರ್ರಿ,” ಎಂದ.

“ಹೆಂಗಾರ ಇರ್ಲಿ. ತಂಬಿಗೆ ಕೆಳಗಿಳ್ಸು ತಂಗಿ. ಬೆರಳಿಗೆ ತಾಗಿದಂಗಿರ್ಲಿ.”

ಸಂಘಮಿತ್ರಾ ಅಲ್ಲೇ ಇಳಿಸಿ ತೋರಿಸಿದಳು. ತಂಬಿಗೆಯ ಬಾಯಿ ಅಂಜಿನೇಯಲುವಿನ ಬೆರಳಿಗೆ ತಾಗಿತು. ಅಷ್ಟಕ್ಕೆ ಸಾವುಕಾರರು ಐವತ್ತು ವರ್ಷ ಮುಂದೆ ಬಂದು ಸಮಾನತೆಯ ಪಕ್ಕ ನಿಂತಂತೆ ಕಂಡರು.

“ಹಾಂ. ಇನ್ನೊಂದು ಐತೆ.” ಪ್ರವೀಣಕುಮಾರ್ ಈಗ ಕುರ್ಚಿ ಎಳೆದುಕೊಂಡ. ದನಿ ಇನ್ನಷ್ಟು ಮೆತ್ತಗಾಯಿತು. “ಊರಾಗೆ ಒಂದು ಹಳೇ ಸುದ್ದಿ ಐತೆ. ಸುಂಕಪ್ಪ ಅಂತ ಒಬ್ರಿದ್ರಂತೆ. ನಮ್ಮ ತಾತ ಅವರ ಕೈ ಹೊಡ್ಸಿದ್ರು ಅಂತ ಜನ ಆಡ್ತಾರೆ. ಆಡೋರ ಬಾಯಿ ಹಿಡಿಯಾಕಾಗಲ್ಲ. ಈ ಫೋಟೊದಾಗೆ ಆ ಸುಂಕಪ್ಪನೋರನ್ನೇ ಕೂಡ್ರಿಸಿಬಿಟ್ರೆ ಸುದ್ದಿ ಅಲ್ಲಿಗೆ ಮುಗೀತದೆ. ಎರಡೂ ಕೈ ಚೊಲೋ ಕಾಣ್ಬೇಕು, ಅಷ್ಟೆ. ಗುರುಶಾಂತ ಹೇಳ್ದ, ನೀನು ಅವರ ಮೊಮ್ಮಗ ಭೀಮರಾಜನ ಮಗಳಂತೆ. ಅವರ ಫೋಟೊ ನಿಮ್ಮನೆಯಾಗೇ ಐತಂತೆ.”

ಸಂಘಮಿತ್ರಾ ಗುರುಶಾಂತನ ಕಡೆ ನೋಡಿದಳು. ಆತ ಇನ್ನೂ ಜಿಪ್ಪು ಎಳೆಯುತ್ತಲೇ ಇದ್ದ.

“ನಿಮಗೂ ಮರ್ಯಾದೆ ಅಲ್ವಾ,” ಎಂದ ಪ್ರವೀಣಕುಮಾರ್. “ಕೆಳಗೆ ಸುಂಕಪ್ಪ ಅಂತ ಹೆಸರು ಬರೆಸ್ತೀನಿ. ನಮ್ಮ ತಾತನ ಹೆಸರಿನ ಪಕ್ಕದಾಗೇ.”

“ಅಜ್ಜೀನ ಕೇಳ್ತೀನ್ರಿ,” ಎಂದಳು ಆಕೆ.

ಅಜ್ಜಿ ಪಕ್ಕೀರಮ್ಮ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದಳು. ಬಾವಿಯ ಬಳಿ ಖಾಲಿ ಕೊಡ ಹಿಡಿದು ನಿಂತಿದ್ದ ಹುಡುಗಿಗೆ ಈಗ ಬಾಯಲ್ಲಿ ಮೇಲಿನ ಹಲ್ಲಿಲ್ಲ. ಮೊಮ್ಮಗಳು ಎಲ್ಲವನ್ನೂ ಹೇಳಿ ಮುಗಿಸುವ ತನಕ ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಕೈ ಜಜ್ಜಿದೋರ ಮನಿಗೆ ಈಗ ಕೈ ಬೇಕಾಗ್ಯಾವೇನು?” ಎಂದು ಕೇಳಿ, ಒಂದು ಕಾಳು ಬಾಯಿಗೆ ಹಾಕಿಕೊಂಡಳು.

ಗೋಡೆಯ ಮೇಲೆ ಬುದ್ಧನ ಪಟ, ಬಾಬಾಸಾಹೇಬರ ಪಟ, ಅವುಗಳ ಪಕ್ಕದಲ್ಲಿ ಸುಂಕಪ್ಪ. ಸುಂಕಪ್ಪನಿಗಿದ್ದ ಫೋಟೊ ಅದೊಂದೇ. ಭೀಮರಾಜ ನೌಕರಿ ಸಿಕ್ಕ ವರ್ಷ ಅಜ್ಜನನ್ನು ಕೊಟ್ಟೂರಿನ ಸ್ಟುಡಿಯೋಕ್ಕೆ ಕರೆದೊಯ್ದು ತೆಗೆಸಿದ್ದು. ಕುರ್ಚಿಯ ಮೇಲೆ ಕುಳಿತ ಮುದುಕ, ಕ್ಯಾಮೆರಾವನ್ನು ದಿಟ್ಟಿಸುವ ಕಣ್ಣು, ತೊಡೆಯ ಮೇಲೆ ಮಡಿಸಿದ ಟವಲು. ಎಡಗೈ ಆ ಟವಲಿನ ಕೆಳಗಿದೆ. ಚಂದ ಕಾಣುವುದಿಲ್ಲವೆಂದು ಫೋಟೊದವನು ಮುಚ್ಚಿದ್ದ.

“ಮುಖ ಒಯ್ಯಿ,” ಎಂದಳು ಪಕ್ಕೀರಮ್ಮ. “ಬ್ಯಾಡನ್ನಂಗಿಲ್ಲ. ನಮ್ಮಪ್ಪ ಆ ಗ್ವಾಡಿ ಮ್ಯಾಲೆ ಕುಂದ್ರಲಿ, ಊರೆಲ್ಲಾ ನೋಡ್ಲಿ. ಆದ್ರ ಕೈ ಮಾತ್ರ ನಮ್ಮಪ್ಪಂದೇ ಇರಬೇಕು.”

“ಕೈ ಫೋಟೊದಾಗ ಎಲ್ಲೈತಿ ಅಜ್ಜಿ? ಟವಲ್ ಮುಚ್ಚೈತಿ.”

“ನಾ ನೋಡೀನಲ್ಲ. ನೀ ಮಾಡು. ಇಲ್ಲದ ಅಜ್ಜಂದಿರ್ನೆಲ್ಲಾ ಮಾಡ್ಕೊಡ್ತೀಯಂತ, ನಿಮ್ಮಪ್ಪ ಹೇಳ್ತಾನ. ಇದ್ದ ಕೈ ಒಂದು ಮಾಡಾಕ ಬರಂಗಿಲ್ಲೇನು ನಿನಗ?”

“ಹೆಂಗಿತ್ತು ಹೇಳು, ನೋಡೋಣ.”

ಪಕ್ಕೀರಮ್ಮ ಮೊರ ಸರಿಸಿ, ಸೀರೆಗೆ ಕೈ ಒರೆಸಿಕೊಂಡು, ತನ್ನ ಎಡಗೈಯನ್ನು ಬೆಳಕಿಗೆ ಹಿಡಿದಳು. ಬಲಗೈಯಿಂದ ಅದರ ಬೆರಳುಗಳನ್ನು ಒಂದೊಂದಾಗಿ ಮಡಿಸತೊಡಗಿದಳು. ತೋರುಬೆರಳು ನಡುಬೆರಳಿನ ಮೇಲೇರಿತು. ಉಂಗುರ ಬೆರಳೂ ಕಿರುಬೆರಳೂ ಅಂಗೈಗೆ ಅಂಟಿದವು. ಹೆಬ್ಬೆರಳನ್ನು ಹಾಗೇ ನೆಟ್ಟಗೆ ಬಿಟ್ಟಳು.

“ಇದಕ್ಕೇನೂ ಆಗಿರಲಿಲ್ಲ,” ಎಂದಳು. “ಸಾಲದ ಪತ್ರಕ್ಕ ಒತ್ತಿಸ್ಕೊಳ್ಳಾಕ ಬೇಕಾಗ್ತಿತ್ತಲ್ಲ, ಉಳಿಸಿದ್ರು.”

ಸಂಘಮಿತ್ರಾ ಫೋನು ಹಿಡಿದು ಆ ಕೈಯ ಫೋಟೊ ತೆಗೆದಳು. ಮೇಲಿನಿಂದ, ಪಕ್ಕದಿಂದ, ಬಲಗೈಗೆ ಕೂಡಿಸಿ ಬೊಗಸೆ ಮಾಡಿಸಿ. ಬೊಗಸೆ ಕೂಡಲಿಲ್ಲ. ಎಡಭಾಗ ಅರ್ಧ ತೆರೆದೇ ಉಳಿಯಿತು.

“ಇದರಾಗ ನೀರೆಲ್ಲಿ ನಿಲ್ತಾವ ಅಜ್ಜಿ?”

“ನಿಲ್ತಿರಲಿಲ್ಲ,” ಎಂದಳು ಪಕ್ಕೀರಮ್ಮ, ಕೈ ಹಾಗೇ ಹಿಡಿದುಕೊಂಡು. “ಮನ್ಯಾಗ ನಮ್ಮವ್ವ ಬಟ್ಟಲದಾಗ ಕೊಡ್ತಿದ್ಲು. ಕೂಲಿಗೆ ಹ್ವಾದಲ್ಲಿ ಬಟ್ಟಲಾ ತರಬಾರ್ದು ಅಂತಿದ್ರು, ಅವರ ತಂಬಿಗಿ ಮುಟ್ಟಬಾರ್ದು ಅಂತಿದ್ರು. ಬೊಗಸಿ ಒಡ್ಡಿದ್ರ ಸಂದಿಲೆ ಹೋಗಿಬಿಡೋವು. ನೀರು ಹಾಕೋ ಹೆಣಮಕ್ಳು ನಗೋರು. ಆಮ್ಯಾಲ ಅಪ್ಪ ಒಡ್ಡೋದನ್ನ ಬಿಟ್ಟ. ಕೂಲಿ ಇದ್ದ ದಿನ ಸಂಜಿಮಟ ನೀರಿಲ್ಲ. ಮನಿಗೆ ಬಂದವ್ನೇ ಕೊಡಕ್ಕೇ ಬಾಯಿ ಹಚ್ಚತಿದ್ದ.” ಬೆರಳು ಸಡಿಲಿಸಿ ನೀವಿಕೊಂಡಳು. “ತಗದ್ಯೋ ಇಲ್ಲೋ? ನಂದೂ ಹಂಗೇ ನಿಂತ್ರ ಶೇಂಗಾ ಯಾರು ಸುಲೀಬೇಕು?”

ಮರುದಿನ ಗುರುಶಾಂತ ಮದುವೆಯೊಂದರ ಫೋಟೊಕ್ಕೆಂದು ಹಗರಿಬೊಮ್ಮನಹಳ್ಳಿಗೆ ಹೋಗಿದ್ದ. ಪಕ್ಕೀರಮ್ಮ ಆಟೋದಲ್ಲಿ ಸ್ಟುಡಿಯೋಕ್ಕೆ ಬಂದು, ಗಿರಾಕಿಗಳ ಮೆತ್ತನೆ ಕುರ್ಚಿಯಲ್ಲಿ ಕಾಲು ಮೇಲಿಟ್ಟುಕೊಂಡು ಕುಳಿತಳು. ಸ್ಕ್ರೀನಿನ ಮೇಲೆ ಅಂಜಿನೇಯಲುವಿನ ಮೈಗೆ ಅವಳ ಅಪ್ಪನ ಮುಖ ಬಂದಿತ್ತು, ವಯಸ್ಸು ಇಳಿಸಿ, ಕೂದಲು ಕಪ್ಪು ಮಾಡಿ. ಪಕ್ಕೀರಮ್ಮ ಅದನ್ನು ಬಹಳ ಹೊತ್ತು ನೋಡಿದಳು.

“ಇಷ್ಟು ಗಲ್ಲ ತುಂಬಿರಲಿಲ್ಲ,” ಎಂದಳು.

ಸಂಘಮಿತ್ರಾ ಗಲ್ಲ ಇಳಿಸಿದಳು. ಆಮೇಲೆ ಅಜ್ಜಿಯ ಕೈಯನ್ನು ತಂದು, ಬಳೆ ಅಳಿಸಿ, ಮಣಿಕಟ್ಟು ದಪ್ಪ ಮಾಡಿ, ಸುಂಕಪ್ಪನ ತೋಳಿಗೆ ಹಚ್ಚಿದಳು. ನಡುಬೆರಳು ಇನ್ನೂ ಒಳಗೆ ಎಂದಳು ಪಕ್ಕೀರಮ್ಮ. ಉಗುರು ತೆಗಿ, ಅದಕ್ಕ ಉಗುರು ಮತ್ತ ಬರಲೇ ಇಲ್ಲ ಎಂದಳು. ಮಗಳ ಕೈ ಹೊಂದಿಕೊಂಡಷ್ಟು ಸಲೀಸಾಗಿ ಆ ಕಂಪ್ಯೂಟರಿನಲ್ಲಿ ಯಾರ ಕೈಯೂ ಯಾರಿಗೂ ಹೊಂದಿಕೊಂಡಿರಲಿಲ್ಲ. ಮಣಿಕಟ್ಟಿನಲ್ಲಿ ಹೊಲಿಗೆ ಕಾಣಲಿಲ್ಲ, ಮುಚ್ಚಲು ಕಲೆ ಬೇಕಾಗಲಿಲ್ಲ.

“ಈ ತಂಬಿಗಿ ಯಾಕ ಇಲ್ಲೈತಿ?” ಎಂದು ಪಕ್ಕೀರಮ್ಮ ಗಾಜಿಗೆ ಬೆರಳು ಹಚ್ಚಿದಳು.

“ತಾಗಿಸು ಅಂದಾರ.”

“ಮ್ಯಾಲೆತ್ತು.”

ಎತ್ತಿದಳು.

“ಇನ್ನಾ ಮ್ಯಾಲೆ. ಇನ್ನಾ. ಇನ್ನಾ ಒಂಚೂರು.” ಪಕ್ಕೀರಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. “ಹಾಂ, ಅಲ್ಲಿ. ಅಲ್ಲೇ ಬಿಡು.”

ಸಂಘಮಿತ್ರಾ ಮೂಲ ಫೋಟೊ ತೆಗೆದು ಹೋಲಿಸಿ ನೋಡಿದಳು. ಪ್ರವೀಣಕುಮಾರ್ ತನ್ನ ತೋಟದಲ್ಲಿ ತಂಬಿಗೆಯನ್ನು ಎಲ್ಲಿ ಹಿಡಿದಿದ್ದನೋ ಅಜ್ಜಿ ಅದನ್ನು ಅಲ್ಲೇ ನಿಲ್ಲಿಸಿದ್ದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಅಜ್ಜಿ ಹೋದ ಮೇಲೆ ಆಕೆ ಉಳಿದದ್ದನ್ನು ಕ್ರಮವಾಗಿ ಮಾಡಿದಳು. ನೀರು ಬೊಗಸೆಯಿಂದ ಸೋರಿ ಮೊಣಕೈಗುಂಟ ಇಳಿಯುವಂತೆ ತಿದ್ದಿದಳು. ಕಪ್ಪಿಗೆ ಕೆಂಪು, ಬಿಳುಪಿಗೆ ಹಳದಿ. ಬಾವಿಕಟ್ಟೆಗೆ ಟ್ರಂಕಿನ ತುಕ್ಕು, ಆಕಾಶಕ್ಕೆ ಸುಣ್ಣದ ಗೋಡೆ, ಸಾವುಕಾರರ ಕೋಟಿನ ಮೇಲೆ ಪಾದರಸ ಹೋದ ಕನ್ನಡಿ. ಫೋಟೊ ಪೆಟ್ಟಿಗೆಯಲ್ಲಿ ಮಲಗಿತ್ತೆಂದು ಲೆಕ್ಕ ಹಾಕಿ ಒಂದು ಮೂಲೆ ಮುರಿದಳು. ಕೈಯ ಮೇಲೆ ಮಾತ್ರ ಯಾವ ಕಲೆಯನ್ನೂ ಹಾಕಲಿಲ್ಲ. ಮುಗಿದಾಗ ಅದು ಆಕೆ ಮಾಡಿದ್ದರಲ್ಲೆಲ್ಲ ಹಳೆಯ ಫೋಟೊ ಆಗಿತ್ತು. ಅಂಥದ್ದೊಂದನ್ನು ಆ ಊರಿನಲ್ಲಿ ಯಾರೂ ಎಂದೂ ತೆಗೆದಿರಲಿಲ್ಲ. ತೆಗೆಯಬಹುದಾದ ದಿನಗಳು ಬೇಕಾದಷ್ಟಿದ್ದವು.

ಪ್ರವೀಣಕುಮಾರ್ ಬಂದಾಗ ಗುರುಶಾಂತನೂ ಇದ್ದ. ಬಾಗಿಲಲ್ಲೇ ನಿಂತು ಸ್ಕ್ರೀನು ನೋಡಿದ ಪ್ರವೀಣಕುಮಾರನ ಮುಖ ಅರಳಿತು.

“ಅಬ್ಬಾ, ನಮ್ಮ ತಾತಾರೇ ನಿಂತಂಗದಾರೆ,” ಎಂದು ಹತ್ತಿರ ಬಂದ. “ಯಾರಾದ್ರೂ ಈಗ ಮಾಡಿದ್ದು ಅಂದಾರಾ ಇದನ್ನ? ಪೇಪರಿನೋರ ಕೈಗೇ ಕೊಡ್ಬೋದು.” ಇನ್ನೂ ಹತ್ತಿರ ಬಂದ. “ಇದೇನಿದು ಕೈ?”

“ನಮ್ಮ ಮುತ್ತಜ್ಜಂದ್ರಿ,” ಎಂದಳು ಸಂಘಮಿತ್ರಾ.

“ಚೊಲೋ ಕಾಣ್ಬೇಕು ಅಂದಿದ್ನಲ್ಲ.”

“ಹಂಗೇ ಇತ್ರಿ ಅದು.”

“ಹಂಗಿತ್ತು ಅಂತ ಯಾರು ಹೇಳ್ದೋರು?”

“ನಮ್ಮ ಅಜ್ಜಿ. ಆಗ ಬಾವಿ ಹತ್ರಾನೇ ನಿಂತಿದ್ಲಂತ್ರಿ.”

ಪ್ರವೀಣಕುಮಾರ್ ಸ್ಕ್ರೀನಿನ ಕಡೆ ಬಗ್ಗಿದ. ತಂಬಿಗೆ ಮತ್ತೆ ಮೇಲೇರಿದ್ದನ್ನೂ ಆಗಲೇ ನೋಡಿದ. ಸಿಟ್ಟು ಮಾಡಿಕೊಳ್ಳುವ ಮನುಷ್ಯನಲ್ಲ ಅವನು. ಸಿಟ್ಟು ಮಾಡಿಕೊಳ್ಳುವ ಕೆಲಸವನ್ನು ಅವನ ಮನೆಯಲ್ಲಿ ಹಿಂದಿನವರೇ ಮಾಡಿ ಮುಗಿಸಿದ್ದರು.

“ನೋಡು ತಂಗಿ,” ಎಂದ. “ಎಂದೋ ಏನೋ ಆಗಿದ್ದೀತು. ನಾನೂ ಇರ್ಲಿಲ್ಲ, ನೀನೂ ಇರ್ಲಿಲ್ಲ. ಈಗ ನಾನು ನೀರಿಂದೇ ಕೆಲಸ ಮಾಡಾಕತ್ತೀನಿ. ಕೇರಿಯೋರು, ಊರೋರು ಅನ್ನಂಗಿಲ್ಲ, ಎಲ್ರೂ ಒಂದೇ ನಲ್ಲಿಗೆ ಕ್ಯಾನು ಹಿಡೀತಾರೆ. ಅದಕ್ಕಿಂತ ಇನ್ನೇನು ಬೇಕು ನಿಮಗೆ? ಆ ಕೈ ಒಂದು ಸರಿ ಮಾಡಿಬಿಡು.”

“ಇಲ್ರಿ.”

“ಕಷ್ಟದ್ದಲ್ಲ ಅದು,” ಎಂದ ಗುರುಶಾಂತ. ಇಷ್ಟು ಹೊತ್ತಿಗೆ ಆತ ಸಂಘಮಿತ್ರಾಳ ಕುರ್ಚಿಯ ಹಿಂದೆ ಬಂದು ನಿಂತಿದ್ದ. “ಅಂಜಿನೇಯಲೂನ ಕೈ ಕೆಳಗಿನ ಲೇಯರಿನ್ಯಾಗ ಹಂಗೇ ಐತಿ, ಕಾಣ್ತೈತಲ್ಲ. ಮ್ಯಾಲಿಂದು ಆಫ್ ಮಾಡಿದ್ರ ಮುಗೀತು. ಒಂದು ಕ್ಲಿಕ್ಕಿನ ಕೆಲಸ.”

ಅದು ನಿಜವಾಗಿತ್ತು. ಸ್ಕ್ರೀನಿನ ಬಲಮೂಲೆಯಲ್ಲಿ ಪದರಗಳ ಸಾಲಿತ್ತು, ಪ್ರತಿ ಪದರದ ಪಕ್ಕದಲ್ಲೊಂದು ಪುಟ್ಟ ಕಣ್ಣಿನ ಗುರುತು. ಒಂದು ಕಣ್ಣು ಮುಚ್ಚಿದರೆ ಸುಂಕಪ್ಪನ ಕೈ ಹೋಗಿ, ಯಾರೂ ಮುಟ್ಟದ ಎರಡು ಚೊಕ್ಕ ಕೈಗಳು ಬರುತ್ತಿದ್ದವು. ಮುಖ ಸುಂಕಪ್ಪನದೇ ಇರುತ್ತಿತ್ತು. ನಾಳೆ ಅದು ಗೋಡೆಯೇರುತ್ತಿತ್ತು, ಕೆಳಗೆ ಹೆಸರಿರುತ್ತಿತ್ತು, ಕ್ಯಾನು ತುಂಬುವವರೆಲ್ಲ ನೋಡುತ್ತಿದ್ದರು. ಪಕ್ಕೀರಮ್ಮ ಹೇಳುವುದು ಆಮೇಲೆ ಹಲ್ಲಿಲ್ಲದ ಮುದುಕಿಯೊಬ್ಬಳ ಮಾತಾಗುತ್ತಿತ್ತು.

“ನಾ ಅದನ್ನ ಆಫ್ ಮಾಡಂಗಿಲ್ಲ ಅಣ್ಣಾರ.”

“ಇಂಥಾ ಗಿರಾಕಿ ಮುಂದ ಮಾನ ತಗೀಬ್ಯಾಡ ಮಿತ್ರಾ. ನಿನಗ ಕೆಲಸ ಕಲಿಸಿದವ ನಾ.”

“ಹೌದ್ರಿ. ಕಲಿಸಿದ್ದನ್ನ ಮಾಡೀನಿ.”

ಗುರುಶಾಂತ ಪ್ರವೀಣಕುಮಾರನ ಮುಖ ನೋಡಿದ. ಪ್ರವೀಣಕುಮಾರ್ ತನ್ನ ಗಡಿಯಾರ ನೋಡಿಕೊಂಡ.

“ಸರಿ, ನೀ ಮಾಡಬ್ಯಾಡ,” ಎಂದ ಗುರುಶಾಂತ. “ಏಳು ಅಲ್ಲಿಂದ. ನಾ ಮಾಡ್ತೀನಿ.”

ಸಂಘಮಿತ್ರಾ ಕುರ್ಚಿಯನ್ನು ಟೇಬಲಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು. ಬಲಗೈ ಮೌಸಿನ ಮೇಲಿತ್ತು. ಎಡಗೈಯನ್ನೂ ತಂದು ಅದರ ಮೇಲಿಟ್ಟಳು.

“ಏಳಂಗಿಲ್ಲ,” ಎಂದಳು.